ರಿಫ್ಲೋ ಓವನ್‌ಗೆ ಯಾವ ಟೆಂಪರೇಚರ್ ಪ್ರೊಫೈಲರ್ ತಗೊಳ್ಳೋದು, ಆರು ಚಾನೆಲ್ ಸಾಕಾ ಹನ್ನೆರಡು ಬೇಕಾ?

ರಿಫ್ಲೋ ಓವನ್ ಅಂದ್ರೆ ಸೋಲ್ಡರ್ ಪೇಸ್ಟ್ ಮೇಲೆ ಕಾಂಪೊನೆಂಟ್ ಕೂರಿಸಿದ ಸರ್ಕ್ಯೂಟ್ ಬೋರ್ಡನ್ನ ಕಾಯಿಸಿ ಸೋಲ್ಡರ್ ಕರಗಿಸೋ ಓವನ್. ಅದರ ಡಿಸ್‌ಪ್ಲೇನಲ್ಲಿ 245 ಡಿಗ್ರಿ ಬರ್ತಿದೆ, ಆದ್ರೂ ಬಿಜಿಎ (ತಳದಲ್ಲಿ ಸೋಲ್ಡರ್ ಬಾಲ್‌ಗಳಿರೋ ಚಿಪ್) ಕೆಳಗೆ ಸೋಲ್ಡರ್ ಸರಿಯಾಗಿ ಕರಗಿಲ್ಲ ಅಂತ ಬರೆದಿದೀರಲ್ಲ, ಮೊದಲು ಅದಕ್ಕೆ ಬರ್ತೀನಿ. ಡಿಸ್‌ಪ್ಲೇ ತೋರಿಸೋದು ಆ ಝೋನ್‌ನ ಸೆನ್ಸರ್ ಹತ್ರ ಇರೋ ಬಿಸಿಯನ್ನ, ನಿಮ್ಮ ಬೋರ್ಡಿನದ್ದಲ್ಲ. ಬೋರ್ಡಿಗೆ ಎಷ್ಟು ಏರತ್ತೆ ಅನ್ನೋದು ಅದರೊಳಗಿನ ತಾಮ್ರ, ಕನ್ವೇಯರ್ ಸ್ಪೀಡು, ಪಕ್ಕದಲ್ಲಿ ಎಂಥ ದಪ್ಪ ಕಾಂಪೊನೆಂಟ್ ಕೂತಿದೆ, ಇದರ ಮೇಲೆಲ್ಲ ನಿಂತಿದೆ. ಹಾಗಾಗಿ ಬೋರ್ಡಿನ ಜೊತೆಗೇ ಒಳಗೆ ಹೋಗಿ ಅದರ ಬಿಸಿ ರೆಕಾರ್ಡ್ ಮಾಡೋ ಪ್ರೊಫೈಲರ್ ಬೇಕೇ ಬೇಕು, ಅದ್ರಲ್ಲಿ ಎರಡು ಮಾತಿಲ್ಲ.

ಆದ್ರೆ ಚಾನೆಲ್ (ಒಂದೊಂದಕ್ಕೂ ಒಂದು ಥರ್ಮೋಕಪಲ್, ಅಂದ್ರೆ ಬಿಸಿ ಅಳೆಯೋ ವೈರ್) ಎಣಿಸೋದಕ್ಕಿಂತ ಮುಂಚೆ ಒಂದು ಸ್ಕೇಲ್ ತಗೊಂಡು ಓವನ್ ಟನಲ್‌ನ ಎತ್ತರ ಅಳೀರಿ, ಬಾಯಿ ಹತ್ರ ಮಾತ್ರ ಅಲ್ಲ, ಒಳಗೆ ಎಲ್ಲಿ ಅತಿ ಕಮ್ಮಿ ಇದೆಯೋ ಅಲ್ಲಿ. ಪ್ರೊಫೈಲರ್ ಒಳಗೆ ಹೋಗೋದು ಥರ್ಮಲ್ ಬ್ಯಾರಿಯರ್ ಅನ್ನೋ ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆ ತೆಳ್ಳಗಿದ್ದಷ್ಟೂ ಬಿಸಿ ತಡೆಯೋ ಸಮಯ ಕಮ್ಮಿ, ದಪ್ಪ ಇದ್ರೆ ಟನಲ್‌ಗೆ ಹಿಡಿಯಲ್ಲ, ಆದ್ದರಿಂದ ನಿಮ್ಮ ಓವನ್‌ಗೆ ಹಿಡಿಯೋ ಅತಿ ದಪ್ಪದ ಬ್ಯಾರಿಯರ್ ಯಾವುದೋ ಅದನ್ನೇ ಕೇಳಿ, ಮತ್ತೆ ನಿಮ್ಮ ಬೆಲ್ಟ್ ಸ್ಪೀಡಲ್ಲಿ ಒಂದು ರನ್‌ಗೆ ಎಷ್ಟು ನಿಮಿಷ ಆಗತ್ತೆ ಅಂತ ಲೆಕ್ಕ ಹಾಕಿ ಬ್ಯಾರಿಯರ್‌ನ ಟೈಮ್ ರೇಟಿಂಗ್ ಜೊತೆ ಹೋಲಿಸಿ. ಬಿಸಿ ಆವಿಯಿಂದ ಕಾಯಿಸೋ ವೇಪರ್ ಫೇಸ್ ಓವನ್ ಆದ್ರೆ ಆವಿ ಒಳಗೆ ನುಗ್ಗದ ಸೀಲ್ಡ್ ಬ್ಯಾರಿಯರ್ ಬೇಕು. ಡಬ್ಬಿ ಥರದ ಸಣ್ಣ ಬ್ಯಾಚ್ ಓವನ್ ಇದ್ರೆ ಇದ್ಯಾವ ತಲೆನೋವೂ ಇಲ್ಲ, ತೆಳು ವೈರನ್ನ ಬಾಗಿಲ ಸಂದಿಯಿಂದ ಹೊರಗೆ ತಂದು ರೀಡಿಂಗ್ ರೆಕಾರ್ಡ್ ಮಾಡೋ ನಾಲ್ಕು ಚಾನೆಲ್ ಲಾಗರ್‌ಗೆ ಹಾಕಿದ್ರೆ ಸಾಕು.

ಚಾನೆಲ್ ವಿಷಯಕ್ಕೆ ಬಂದ್ರೆ ಸಾಮಾನ್ಯ ಬೋರ್ಡಿಗೆ ಆರು ಧಾರಾಳ ಸಾಕು. ದೊಡ್ಡ ಬೋರ್ಡು, ಮೂರು ನಾಲ್ಕು ಬಿಜಿಎ ಇದ್ರೆ ಮಾತ್ರ ಒಂಬತ್ತು ಹನ್ನೆರಡು ನೋಡಿ. ರಿಫ್ಲೋಗೆ ಸೆಕೆಂಡಿಗೆ ಎರಡು ರೀಡಿಂಗ್ ಆದ್ರೂ ನಡೆಯತ್ತೆ, ವೇವ್ ಸೋಲ್ಡರಿಂಗೂ (ಕರಗಿದ ಸೋಲ್ಡರಿನ ಅಲೆ ಮೇಲೆ ಬೋರ್ಡ್ ಹಾಯಿಸೋದು) ಅಳೀಬೇಕು ಅಂದ್ರೆ ಅಲ್ಲಿ ಅಲೆ ಮುಟ್ಟೋದೇ ಎರಡರಿಂದ ನಾಲ್ಕು ಸೆಕೆಂಡ್, ಸೆಕೆಂಡಿಗೆ ಹತ್ತಾದ್ರೂ ಬೇಕು. ರೇಡಿಯೋದಲ್ಲಿ ಲೈವ್ ಗ್ರಾಫ್ ಬರೋದು ಅನುಕೂಲ, ಆದ್ರೆ ಮೆಟಲ್ ಟನಲ್ ಒಳಗೆ ಸಿಗ್ನಲ್ ಕಟ್ ಆಗಬಹುದು, ಒಳಗಿನ ಮೆಮೊರಿಯಲ್ಲೂ ರೆಕಾರ್ಡ್ ಆಗೋದನ್ನೇ ತಗೊಳ್ಳಿ.

ಥರ್ಮೋಕಪಲ್ ಕೆ ಟೈಪ್. ಇಲ್ಲಿ ಮಾತ್ರ ಉಳಿಸೋಕೆ ಹೋಗಬೇಡಿ. ಸ್ಟ್ಯಾಂಡರ್ಡ್ ವೈರಲ್ಲಿ 2.2 ಡಿಗ್ರಿ ಆಚೀಚೆ, ಸ್ಪೆಷಲ್ ಗ್ರೇಡಲ್ಲಿ 1.1. ಎಸ್‌ಎಸಿ305 ಅನ್ನೋ ಲೆಡ್ ಇಲ್ಲದ ಸೋಲ್ಡರ್ ಪೂರ್ತಿ ಕರಗೋದು 220ರ ಹತ್ರ, ಪೀಕ್ ಸಾಮಾನ್ಯವಾಗಿ 235ರಿಂದ 250, ಮೇಲ್ಗಡೆ ಕಾಂಪೊನೆಂಟ್‌ನ ಮಿತಿ ಕಾಯ್ತಿರತ್ತೆ, ಇಷ್ಟು ಕಿರಿದಾದ ಜಾಗದಲ್ಲಿ ಒಂದೊಂದು ಡಿಗ್ರಿಗೂ ಬೆಲೆ ಇದೆ.

ಈಗ ಎಲ್ಲರೂ ಎಡವೋ ಜಾಗ. ನಾನು ಶುರುವಲ್ಲಿ ಬಿಜಿಎ ಪಕ್ಕದಲ್ಲಿ ಕ್ಯಾಪ್ಟಾನ್ ಅನ್ನೋ ಬಿಸಿ ತಡೆಯೋ ಟೇಪಿಂದ ವೈರ್ ಅಂಟಿಸಿ ರನ್ ಮಾಡಿದ್ದೆ, ಗ್ರಾಫ್ ಚೆನ್ನಾಗೇ ಬಂತು, ಪೀಕ್ 244, ಆದ್ರೆ ಜಾಯಿಂಟ್ ಮಾತ್ರ ಮಂಕಾಗಿ ಕಾಳು ಕಾಳಾಗಿತ್ತು. ಭೂತಗನ್ನಡಿಯಲ್ಲಿ ನೋಡಿದ್ರೆ ಬಿಸಿಗೆ ಟೇಪ್ ಸಡಿಲ ಆಗಿ ಬೀಡ್ (ವೈರ್ ತುದಿಯ ಗುಂಡು) ಪ್ಯಾಡಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು, ನಾನು ಅಳೆದಿದ್ದು ಗಾಳಿಯನ್ನ. ಇನ್ನೊಂದು ಸಲ ಬೀಡ್ ಹಿಂದೆ ಎರಡೂ ವೈರ್ ಹೊಸೆದುಕೊಂಡು ಮುಟ್ಟಿಕೊಂಡಿದ್ವು, ಹಾಗಾದಾಗ ರೀಡಿಂಗ್ ಬರೋದು ವೈರ್ ಮೊದಲು ಎಲ್ಲಿ ಮುಟ್ಟಿದೆಯೋ ಅಲ್ಲಿಂದ, ತುದಿಯಿಂದ ಅಲ್ಲ. ಅದಕ್ಕೇ ಮುಖ್ಯವಾದ ಪಾಯಿಂಟ್‌ಗಳಿಗೆ ಹೈ ಟೆಂಪರೇಚರ್ ಸೋಲ್ಡರ್ ಹಾಕಿ, ಬೀಡ್ ಮುಚ್ಚೋ ಅಷ್ಟೇ, ಗುಡ್ಡೆ ಮಾಡಿದ್ರೆ ಆ ಗುಡ್ಡೆಯೇ ಬಿಸಿ ಎಳ್ಕೊಳತ್ತೆ. ಪ್ಲಾಸ್ಟಿಕ್, ಸೆರಾಮಿಕ್ ಮೇಲೆ ಅಲ್ಯೂಮಿನಿಯಂ ಟೇಪ್, ಬೆರಳಲ್ಲಿ ಚೆನ್ನಾಗಿ ಒತ್ತಿ.

ಬಿಜಿಎಗೆ ಪಕ್ಕದಲ್ಲಿ ಅಂಟಿಸಿ ಪ್ರಯೋಜನ ಇಲ್ಲ. ಒಂದು ಹಾಳಾದ ಬೋರ್ಡ್ ಬಲಿಕೊಡಿ, ಕೆಳಗಿಂದ ತೂತು ಕೊರೆದು ನಡುವಿನ ಬಾಲ್ ತನಕ ಥರ್ಮೋಕಪಲ್ ತಳ್ಳಿ ಕೂರಿಸಿ, ಇನ್ನೊಂದನ್ನ ಮೂಲೆಯ ಬಾಲ್‌ಗೆ. ಉಳಿದವು ಅತಿ ಭಾರದ ಕನೆಕ್ಟರ್, ಅತಿ ಸಣ್ಣ ಚಿಪ್, ಬಿಸಿಗೆ ತಡೆಯದ ಕೆಪಾಸಿಟರ್. ಬೋರ್ಡ್ ಮೇಲೆ ಕಾಂಪೊನೆಂಟ್ ಎಲ್ಲಾ ಇರ್ಲೇಬೇಕು, ಖಾಲಿ ಬೋರ್ಡ್ ಬೇಗ ಕಾದು ಸುಳ್ಳು ಹೇಳತ್ತೆ.

ರನ್ ಮಾಡುವಾಗ ಬ್ಯಾರಿಯರನ್ನ ಬೋರ್ಡಿಗೆ ಅಂಟಿಸಿ ಕಳಿಸಬೇಡಿ, ವೈರ್ ಎಷ್ಟು ಬಿಡತ್ತೋ ಅಷ್ಟು ಹಿಂದೆ ಬರಲಿ, ಇಲ್ಲಾಂದ್ರೆ ಆ ಪೆಟ್ಟಿಗೆ ಬೋರ್ಡಿನ ಬಿಸಿ ಕದಿಯತ್ತೆ. ಹೊರಗೆ ಬಂದ ತಕ್ಷಣ ಲಾಗರ್ ಆಚೆ ತೆಗೀರಿ, ಒಳಗೇ ಬಿಟ್ರೆ ಬ್ಯಾರಿಯರ್‌ನ ಬಿಸಿ ನಿಧಾನವಾಗಿ ಅದಕ್ಕೆ ಇಳೀತಾ ಇರತ್ತೆ. ಎರಡೂ ಪೂರ್ತಿ ತಣ್ಣಗಾಗದೆ ಮುಂದಿನ ರನ್ ಬೇಡ.

ಗ್ರಾಫಲ್ಲಿ ನಾನು ಮೊದಲು ನೋಡೋದು ಪೀಕ್ ಅಲ್ಲ, ಪೀಕ್‌ಗಿಂತ ಮುಂಚೆ 217 (ಸೋಲ್ಡರ್ ಕರಗೋಕೆ ಶುರು ಆಗೋ ಡಿಗ್ರಿ) ದಾಟೋವಾಗ ಗೆರೆಗಳೆಲ್ಲ ಎಷ್ಟು ಹತ್ರ ಇವೆ ಅನ್ನೋದು. 217ರ ಮೇಲೆ 45ರಿಂದ 90 ಸೆಕೆಂಡ್, ಏರೋದು ಸೆಕೆಂಡಿಗೆ 3 ಡಿಗ್ರಿ ಒಳಗೆ, ಇದು ಸಾಮಾನ್ಯ ಲೆಕ್ಕ, ನಿಮ್ಮ ಪೇಸ್ಟ್‌ನ ಡೇಟಾಶೀಟ್ ಬೇರೆ ಹೇಳಿದ್ರೆ ಅದೇ ಸರಿ. ನಿಮ್ಮ ಕೇಸಲ್ಲಿ ನಡುವಿನ ಬಾಲ್ ಗೆರೆ ಬಹಳ ಹಿಂದೆ ಬಿದ್ದಿರತ್ತೆ ಅನ್ಸತ್ತೆ. ಹಾಗಿದ್ರೆ ಕೊನೆ ಝೋನ್ ಏರಿಸೋಕೆ ಹೋಗಬೇಡಿ, ಸಣ್ಣ ಕಾಂಪೊನೆಂಟ್‌ಗಳು ಸುಟ್ಟು ಹೋಗ್ತವೆ, ಬೆಲ್ಟ್ ಸ್ವಲ್ಪ ನಿಧಾನ ಮಾಡಿ ಸೋಕ್ (ಕರಗೋಕೆ ಮುಂಚೆ ಬೋರ್ಡ್ ಸಮವಾಗಿ ಕಾಯೋ ಹಂತ) ಉದ್ದ ಮಾಡಿ, ಮತ್ತೆ ಅದೇ ಬೋರ್ಡ್ ಕಳಿಸಿ ಗ್ರಾಫ್ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.