ಪ್ಯಾಡ್ ಹೊಸದಿದ್ದರೂ ಬ್ರೇಕ್ ಪ್ಯಾಡ್ ವಾರ್ನಿಂಗ್ ಲೈಟ್ ಆರುತ್ತಿಲ್ಲವೇ?

ಹೊಸ ಪ್ಯಾಡ್ ಹಾಕಿಸಿದ್ದೀರಿ, ಕೆಸರಲ್ಲಿ ಓಡಿಸಿ ಬಂದ ಮೇಲೆ ಲೈಟ್ ಉರೀತಾನೇ ಇದೆ ಅಂದುಕೊಳ್ಳಿ. ಮೊದಲು ಕಣ್ಣಿಂದಲೇ ಪ್ಯಾಡ್ ನೋಡಿಬಿಡಿ. 3 ಮಿಲಿಮೀಟರಿಗಿಂತ ಜಾಸ್ತಿ ಉಳಿದಿದ್ದರೆ ಅನುಮಾನ ಪ್ಯಾಡ್ ಸವೆತ ತಿಳಿಸುವ ಸೆನ್ಸರ್ ಮೇಲೆ.

ಹೆಚ್ಚಿನ ಗಾಡಿಗಳಲ್ಲಿ ಅದರೊಳಗೆ ಇರುವುದು ಒಂದು ತಂತಿ ಸುತ್ತು, ಅಷ್ಟೇ. ಪ್ಯಾಡ್ ಸವೆದಾಗ ಡಿಸ್ಕ್ ಉಜ್ಜಿ ತಂತಿ ತುಂಡಾಗುತ್ತದೆ, ಲೈಟ್ ಬರುತ್ತದೆ. ಕಲ್ಲು ಬಡಿದು ತುಂಡಾದರೂ ಗಾಡಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕನೆಕ್ಟರ್ ಬಿಚ್ಚಿ ನೋಡಿ. ಪಿನ್ ಹಸಿರುಗಟ್ಟಿದ್ದರೆ ಅಥವಾ ಒಳಗೆ ಕೆಸರು ಕೂತಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಆಮೇಲೆ ಸೆನ್ಸರ್ ಕಡೆಯ ಎರಡು ಪಿನ್‌ಗೆ ಮಲ್ಟಿಮೀಟರನ್ನು ಕಂಟಿನ್ಯುಟಿ (ತಂತಿ ಕೂಡಿದ್ದರೆ ಬೀಪ್ ಅನ್ನುವ) ಮೋಡ್‌ನಲ್ಲಿಟ್ಟು ಹಿಡಿಯಿರಿ. ಬೀಪ್ ಬರಲಿಲ್ಲ ಅಂದ್ರೆ ತಂತಿ ಎಲ್ಲೋ ಕಡಿದಿದೆ. ಸಾಮಾನ್ಯವಾಗಿ ಸ್ಟೀರಿಂಗ್ ತಿರುಗಿಸಿದಾಗ ಬಾಗುವ ಜಾಗದಲ್ಲೇ. ಕೆಲವು ಗಾಡಿಗಳ ಸೆನ್ಸರ್‌ನಲ್ಲಿ ರೆಸಿಸ್ಟರ್ ಇರುತ್ತದೆ, ಅಲ್ಲಿ ಬೀಪ್ ನಂಬಬೇಡಿ, ಓಮ್ (ರೆಸಿಸ್ಟೆನ್ಸ್) ಅಳೆಯಿರಿ.

ಸೆನ್ಸರ್‌ನ ಎರಡು ತಂತಿ ಸೇರಿಸಿ ಲೈಟ್ ಆರಿಸುವವರೂ ಇದ್ದಾರೆ. ನನಗಂತೂ ಇಷ್ಟವಿಲ್ಲ. ತೀರಾ ಮಾಡಿದರೆ ಟೈರ್ ಬಿಚ್ಚಿದಾಗಲೆಲ್ಲ ಪ್ಯಾಡ್ ನೋಡಲೇಬೇಕು, ಗಾಡಿ ಮಾರುವಾಗ ಕೊಳ್ಳುವವರಿಗೂ ಹೇಳಬೇಕು ಅಲ್ವಾ? ಹೊಸ ಸೆನ್ಸರ್ ಹಾಕಿದರೆ ತಂತಿಯನ್ನು ಅದರ ಕ್ಲಿಪ್‌ಗಳಲ್ಲೇ ಕೂರಿಸಿ, ಜೋತಾಡಲು ಬಿಡಬೇಡಿ. ಆಮೇಲೂ ಲೈಟ್ ಇದ್ದರೆ ರಿಸೆಟ್ ಬೇಕಾಗಬಹುದು, ಮ್ಯಾನ್ಯುವಲ್ ನೋಡಿ.