ಸೈಪ್ರಸ್ ಸೇರಿದ್ದು ಸರಿ, ಸೇರಿಸಿಕೊಂಡ ರೀತಿ ತಪ್ಪು

ಧಾರವಾಡದ ಓದುಗರೊಬ್ಬರ ಪತ್ರ: ಉತ್ತರದಲ್ಲಿ ಟರ್ಕಿಷರು, ದಕ್ಷಿಣದಲ್ಲಿ ಗ್ರೀಕರು ಅಂತ ಎರಡು ಹೋಳಾದ ಮೆಡಿಟರೇನಿಯನ್ ದ್ವೀಪ ಸೈಪ್ರಸ್ಸನ್ನು ಐರೋಪ್ಯ ಒಕ್ಕೂಟ ಸೇರಿಸಿಕೊಂಡಿದ್ದರಲ್ಲಿ ತಪ್ಪೇನು? ಒಂದಾಗುವ ತನಕ ಕಾಯಿರಿ ಅಂದರೆ ಟರ್ಕಿಯ ಕೈಗೇ ಬೀಗದ ಕೈ ಕೊಟ್ಟಹಾಗಲ್ಲವೇ?

ಉತ್ತರ: ನಿಮ್ಮ ಮಾತಲ್ಲಿ ನ್ಯಾಯ ಇದೆ ಸರ್. 1974ರಲ್ಲಿ ಟರ್ಕಿ ಸೈನ್ಯ ಇಳಿಸಿ ಉತ್ತರದ ಕಡೆ ದ್ವೀಪದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಿಡಿದುಕೊಂಡಿತು. ಅದು ಹೂಂ ಅನ್ನುವ ತನಕ ದಕ್ಷಿಣದವರು ಎಷ್ಟು ವರ್ಷ ಕಾಯಬೇಕು? ಒಪ್ಪಿದೆ. ಆದರೆ ನೀವು 2004ರ ಏಪ್ರಿಲ್ ತಿಂಗಳನ್ನೇ ಬಿಟ್ಟುಬಿಟ್ಟಿದ್ದೀರಿ, ಇಡೀ ಕತೆ ಇರುವುದು ಅಲ್ಲೇ.

ಏಪ್ರಿಲ್ 24ಕ್ಕೆ ಎರಡೂ ಕಡೆ ಮತದಾನ ನಡೆಯಿತು, ಒಂದಾಗಲು ಆಗಿನ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮುಂದಿಟ್ಟ ಯೋಜನೆ ಬೇಕಾ ಬೇಡವಾ ಅಂತ. ಉತ್ತರದ ಟರ್ಕಿಷ್ ಸೈಪ್ರಿಯಟರಲ್ಲಿ ಸುಮಾರು ಶೇ. 65 ಮಂದಿ ಬೇಕು ಅಂದರು. ದಕ್ಷಿಣದ ಗ್ರೀಕ್ ಸೈಪ್ರಿಯಟರಲ್ಲಿ ಸುಮಾರು ಶೇ. 76 ಮಂದಿ ಬೇಡ ಅಂದರು. ಟರ್ಕಿಯ ಸೈನಿಕರು ಒಂದಿಷ್ಟು ಉಳಿಯುತ್ತಾರೆ ಅನ್ನುವುದು ಅವರ ತಕರಾರುಗಳಲ್ಲಿ ಒಂದು. ಒಂದೇ ವಾರ, ಮೇ 1ಕ್ಕೆ ಸೈಪ್ರಸ್ ಸದಸ್ಯ ದೇಶ! ಕಾಗದದ ಮೇಲೆ ಸೇರಿದ್ದು ಇಡೀ ದ್ವೀಪ, ಆದರೆ ಉತ್ತರದಲ್ಲಿ ಒಕ್ಕೂಟದ ಕಾನೂನು ಅಮಾನತು. ಬೇಡ ಅಂದವರಿಗೆ ಎಲ್ಲ ಸಿಕ್ಕಿತು, ಬೇಕು ಅಂದವರು ಹೊರಗೇ ಉಳಿದರು.

ಹೀಗಾಗಿದ್ದು ಯಾಕೆ ಗೊತ್ತಾ? ಜಗಳ ಬಗೆಹರಿಯದಿದ್ದರೂ ಸದಸ್ಯತ್ವಕ್ಕೆ ಅಡ್ಡಿಯಿಲ್ಲ ಅಂತ 1999ರ ಹೆಲ್ಸಿಂಕಿ ಸಭೆಯಲ್ಲೇ ಒಕ್ಕೂಟದ ನಾಯಕರು ಹೇಳಿಬಿಟ್ಟಿದ್ದರು. ಹೇಗೂ ಸಿಗುತ್ತೆ ಅಂತ ಗೊತ್ತಾದ ಮೇಲೆ ಯಾರು ಬಗ್ಗುತ್ತಾರೆ? ಸೇರಬಾರದು ಅಂತ ನಾನು ಹೇಳುತ್ತಿಲ್ಲ. ಷರತ್ತನ್ನು ಇಬ್ಬರಿಗೂ ಹಾಕಬೇಕಿತ್ತು. ಉತ್ತರದವರ ಜೊತೆ ನೇರ ವ್ಯಾಪಾರಕ್ಕೆ ಅದೇ ವರ್ಷ ಒಂದು ಪ್ರಸ್ತಾವ ತಂದರು, ಅದು ಇವತ್ತಿಗೂ ಜಾರಿಯಾಗಿಲ್ಲ. ಒಕ್ಕೂಟದ ಒಳಗೆ ಕೂತ ದಕ್ಷಿಣದ ಸೈಪ್ರಸ್ ಸರ್ಕಾರವೇ ಬೇಡ ಅನ್ನುತ್ತಿರುವಾಗ ಹೇಗೆ ಆಗುತ್ತೆ?

ಇನ್ನೊಂದು ಸಂಕಟ ಹೇಳಲೇಬೇಕು. ರಾಜಧಾನಿ ನಿಕೋಸಿಯಾದ ನಡುವೆ ಹಾದ, ಎರಡು ಕಡೆಯವರನ್ನು ಬೇರ್ಪಡಿಸುವ ಗಡಿಗೆ ಹಸಿರು ಗೆರೆ ಅಂತ ಹೆಸರು ಬಂದಿದ್ದು 1963ರ ಕೊನೆಗೆ ಬ್ರಿಟಿಷ್ ಅಧಿಕಾರಿಯೊಬ್ಬ ನಕ್ಷೆಯ ಮೇಲೆ ಹಸಿರು ಪೆನ್ಸಿಲ್ಲಿನಿಂದ ಗೀಚಿದ್ದಕ್ಕೆ. ಅಲ್ಲಿನ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಿದ್ದಾಗಲೇ, 1965ರ ಡಿಸೆಂಬರಿನಲ್ಲಿ, ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ನಾವು ಅವರ ಪ್ರತಿಮೆಗೆ ಹಾರ ಹಾಕುತ್ತೇವೆ, ಅವರು ಕಾದ ದ್ವೀಪ ಏನಾಯಿತು ಅಂತ ನಮ್ಮ ಪತ್ರಿಕೆಗಳಲ್ಲಿ ಒಂದು ಕಾಲಂ ಬರುವುದೂ ಅಪರೂಪ. ಬ್ರಸೆಲ್ಸ್‌ನಲ್ಲಿ ಕೂತ ಒಕ್ಕೂಟದವರು ಮಾಡಿದ್ದೆಲ್ಲ ಸರಿಯೇ ಇರಬೇಕು ಅಂತ ಸುಮ್ನೆ ಒಪ್ಪಿಕೊಂಡು ಕೂತಿದ್ದೇವೆ, ನಿಮ್ಮಂಥ ಓದುವವರೂ ಸೇರಿ.