ಬೆಂಕಿಯನ್ನು ಮರೆತ ಲೇಖನ

ಮಾನ್ಯರೇ,

ಬ್ರಿಟಿಷ್ ಶಿಲ್ಪಿ ಆಂಟನಿ ಗೋರ್ಮ್ಲಿಯವರ ‘ಫೀಲ್ಡ್ ಫಾರ್ ದ ಬ್ರಿಟಿಷ್ ಐಲ್ಸ್’ ಎಂಬ, ಕೋಣೆ ತುಂಬ ಪುಟ್ಟ ಗೊಂಬೆಗಳನ್ನು ನಿಲ್ಲಿಸಿದ ಸುಟ್ಟಮಣ್ಣಿನ ಶಿಲ್ಪಸಮೂಹವನ್ನು ಕುರಿತ ತಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ತಿದ್ದಿ ಕಳುಹಿಸಿದರೆ ಖಂಡಿತ ಮತ್ತೆ ಪರಿಶೀಲಿಸುತ್ತೇನೆ.

‘ದೇಹವೂ ಮಣ್ಣು, ಶಿಲ್ಪವೂ ಮಣ್ಣು, ಎರಡೂ ಒಂದು ದಿನ ಮಣ್ಣಿಗೇ ಮರಳುತ್ತವೆ’ ಎಂಬ ಮಾತಿನ ಮೇಲೆ ತಾವು ಇಡೀ ಲೇಖನವನ್ನು ಕಟ್ಟಿದ್ದೀರಿ. ಕಿವಿಗೆ ಹಿತವಾಗಿದೆ, ಆದರೆ ಶಿಲ್ಪದ ಮಟ್ಟಿಗೆ ಅದು ನಿಜವಲ್ಲ. ಹಸಿಮಣ್ಣಿನ ಗೊಂಬೆ ನೀರಿನಲ್ಲಿ ಕರಗುತ್ತದೆ; ಆವಿಗೆಯ ತಾಪ ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಜೇಡಿಮಣ್ಣಿನ ಕಣಗಳೊಳಗೆ ರಾಸಾಯನಿಕವಾಗಿ ಸೇರಿಕೊಂಡಿದ್ದ ನೀರೂ ಹೊರಟುಹೋಗಿ, ಆಮೇಲೆ ಎಷ್ಟು ನೆನೆಸಿದರೂ ಅದು ಕಲಸಲು ಬರುವ ಮಣ್ಣಾಗುವುದಿಲ್ಲ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ ಪದರಗಳ ಕಾಲವನ್ನು ಗುರುತಿಸಲು ನೆರವಾದದ್ದು ಹೀಗೆ ಕರಗದೆ ಉಳಿದ ಮಡಕೆಯ ಚೂರುಗಳೇ. ದೇಹ ಕೊಳೆತು ನೆಲದಲ್ಲಿ ಬೆರೆಯುತ್ತದೆ, ಅದರ ಸುಟ್ಟ ಪ್ರತಿರೂಪ ಬೆರೆಯಲೊಲ್ಲದು. ತಮ್ಮ ವಿಷಯದ ನಿಜವಾದ ಬಿಕ್ಕಟ್ಟು ಇಲ್ಲಿದೆ; ಆದರೂ ಲೇಖನದಲ್ಲಿ ಬೆಂಕಿಯ ಪ್ರಸ್ತಾಪ ಒಂದು ಕಡೆಯೂ ಇಲ್ಲ.

‘ಕಲಾವಿದನ ಬೆರಳುಗಳು ಪ್ರಕೃತಿಯೊಡನೆ ಸಂವಾದಿಸಿದವು’ ಎಂದು ಬರೆದಿದ್ದೀರಿ. ಆ ಬೆರಳುಗಳು ಗೋರ್ಮ್ಲಿಯವರವಲ್ಲ. 1993ರಲ್ಲಿ ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಪಟ್ಟಣದ ಕುಟುಂಬಗಳವರು ಕುಳಿತು ಸುಮಾರು 40,000 ಆಕೃತಿಗಳನ್ನು ಮಾಡಿದರು. ಗೊಂಬೆ ಕೈಯಳತೆಯದಾಗಿರಬೇಕು, ತಾನಾಗಿ ನಿಲ್ಲಬೇಕು, ಅದಕ್ಕೆ ಆಳವಾದ ಎರಡು ಕಣ್ಣುಗಳಿರಬೇಕು ಎಂಬಷ್ಟೇ ಸೂಚನೆಗಳಿದ್ದವು. ಹಾಗಾಗಿ ಮಾಡಿದವರ ಅಂಗೈ ಎಷ್ಟು ದೊಡ್ಡದೋ ಗೊಂಬೆಯೂ ಹೆಚ್ಚುಕಡಿಮೆ ಅಷ್ಟೇ. ಹಿಡಿಯ ಒತ್ತಡವೇ ಅದರ ಮೈಯ ಆಕಾರ. ದೇಹಕ್ಕೂ ನಿಸರ್ಗಕ್ಕೂ ಇರುವ ನಂಟನ್ನು ತೋರಿಸಲು ಇದಕ್ಕಿಂತ ಗಟ್ಟಿಯಾದ ವಿವರ ಬೇಕೆ? ಪಂಚಭೂತಗಳ ಕುರಿತ ಎರಡು ಪುಟಗಳನ್ನು ದಯವಿಟ್ಟು ಕೈಬಿಡಿ. ಗೋರ್ಮ್ಲಿಯವರಿಗೆ 1994ರಲ್ಲಿ ಬಂದ ಟರ್ನರ್ ಎಂಬ ಬ್ರಿಟಿಷ್ ಕಲಾಪ್ರಶಸ್ತಿಗೆ ಒಂದು ವಾಕ್ಯ ಸಾಕು.

ಕೊನೆಯಲ್ಲೆಲ್ಲೋ ಅಡಗಿರುವ ‘ಬಾಗಿಲಲ್ಲಿ ನಿಂತವನಿಗೆ ಒಳಗೆ ಕಾಲಿಡಲು ನೆಲವೇ ಉಳಿದಿಲ್ಲ, ಕೋಣೆ ತುಂಬ ನಿಂತವರೆಲ್ಲ ಅವನನ್ನೇ ನೋಡುತ್ತಿದ್ದಾರೆ’ ಎಂಬ ವಾಕ್ಯ ಬಹಳ ಚೆನ್ನಾಗಿದೆ. ಲೇಖನ ಅಲ್ಲಿಂದಲೇ ಆರಂಭವಾಗಲಿ; ನೋಡುವವನು ಹೊರಗುಳಿದು ಮಣ್ಣೇ ಒಳಗೆ ನೆಲೆಸಿರುವ ಈ ಅದಲುಬದಲನ್ನು ತಾವು ಕಂಡಿದ್ದೀರಿ, ಆದರೆ ಅದರ ಬಗ್ಗೆ ಯೋಚಿಸುವ ಮೊದಲೇ ‘ಅದ್ಭುತ’ ಎಂದು ಬರೆದು ಮುಂದೆ ಹೋಗಿದ್ದೀರಿ.

ಪರಿಷ್ಕೃತ ಪ್ರತಿಯೊಂದಿಗೆ, ಲಗತ್ತಿಸಿರುವ ಛಾಯಾಚಿತ್ರಗಳು ಯಾರವೆಂಬುದನ್ನೂ ತಿಳಿಸಿ. ಅನುಮತಿಯಿಲ್ಲದೆ ಅವನ್ನು ಬಳಸಲಾಗದು.

ಇಂತಿ,
ಸಂಪಾದಕ